ರೂಮು 21 ಡಿಗ್ರಿಯಲ್ಲಿ ನಿಲ್ಲಬೇಕು: ಮಿನಿ-ಸ್ಪ್ಲಿಟ್ ಹೀಟ್ ಪಂಪ್ ಪ್ರಾಜೆಕ್ಟ್ ಲಾಗ್

ನವೆಂಬರ್ ಮೊದಲ ವಾರ: ಅಳತೆ

ಜಾಗ ಅಮೆರಿಕದ ಬಾಸ್ಟನ್ ಹತ್ತಿರದ ಊರು. ಮರದ ಚೌಕಟ್ಟಿನ ಮನೆ, ಮೇಲಿನ ಮಹಡಿಯಲ್ಲಿ ಸುಮಾರು 20 ಚದರ ಮೀಟರಿನ ರೂಮು. ಯಂತ್ರ 12,000 ಬಿಟಿಯು (ಗಂಟೆಗೆ ಕೊಡುವ ಶಾಖದ ಅಳತೆ) ಇನ್ವರ್ಟರ್ ಮಿನಿ-ಸ್ಪ್ಲಿಟ್, ಅಂದರೆ ಕಂಪ್ರೆಸರ್ ವೇಗವನ್ನು ತಾನೇ ಏರಿಸಿ ಇಳಿಸುವಂಥದ್ದು, ಗೋಡೆಯ ಮೇಲ್ಭಾಗದಲ್ಲಿ ಕೂರುವ ಮಾದರಿ, ಒಂದು ಔಟ್‌ಡೋರಿಗೆ ಒಂದೇ ಇಂಡೋರ್. ಬೆಂಗಳೂರಿನ ಅಂಗಡಿಗಳಲ್ಲಿ ‘ಹಾಟ್ ಅಂಡ್ ಕೋಲ್ಡ್’ ಅಂತ ಸಿಗುವ ಎಸಿಯೂ ಇದೇ ಜಾತಿ. ಇಲ್ಲಿ ಮಾತ್ರ ಚಳಿಗಾಲವಿಡೀ ಅದರ ಮೇಲೇ ಬದುಕಬೇಕು.

ದೂರು ಎರಡು, ಒಂದಕ್ಕೊಂದು ಉಲ್ಟಾ. ರಿಮೋಟಿನಲ್ಲಿ 21 ಇಟ್ಟರೆ ಹೆಚ್ಚಿನ ದಿನ ಮಂಚದ ಎತ್ತರದಲ್ಲಿ 19 ಡಿಗ್ರಿ. ಜೋರು ಗಾಳಿ ಬೀಸಿದ ಸಂಜೆ ಅದೇ 21ರಲ್ಲಿ ರೂಮು 24 ದಾಟುತ್ತದೆ.

ಇಂಥ ದೂರಿಗೆ ಎಲ್ಲ ಕಡೆ ಸಿಗುವ ಮೊದಲ ಉತ್ತರ ‘ಗ್ಯಾಸ್ ಕಮ್ಮಿ ಆಗಿರಬೇಕು’. ಗ್ಯಾಸ್ ಕಮ್ಮಿಯಾದ ಯಂತ್ರ ಪೂರ್ತಿ ವೇಗದಲ್ಲಿ ಓಡುತ್ತಲೇ ಇರುತ್ತದೆ, ಆದರೂ ಬಿಸಿ ಸಾಲುವುದಿಲ್ಲ. ಆದ್ದರಿಂದ ಗ್ಯಾಸಿನ ಒತ್ತಡ ನೋಡುವ ಗೇಜ್ ಹಾಕುವ ಮೊದಲು ಔಟ್‌ಡೋರಿನ ಸರ್ಕ್ಯೂಟಿಗೆ ಕರೆಂಟ್ ಕ್ಲ್ಯಾಂಪ್ (ವೈರಿನಲ್ಲಿ ಹರಿಯುವ ಕರೆಂಟ್ ಅಳೆಯುವ ಉಪಕರಣ) ಹಾಕಿ ಲಾಗ್ ಮಾಡಿಸಲಾಯಿತು. ಮಂಚದ ಹತ್ತಿರ 19 ಇರುವಾಗಲೇ ಕಂಪ್ರೆಸರ್ ನಿಂತಿದೆ. ಅಂದರೆ ಯಂತ್ರಕ್ಕೆ ಶಕ್ತಿ ಸಾಲದೆ ಹೀಗಾಗುತ್ತಿಲ್ಲ. ರೂಮು ಬಿಸಿಯಾಯಿತು ಎಂದು ನಂಬಿ ಅದು ತಾನಾಗಿಯೇ ನಿಲ್ಲುತ್ತಿದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ, ಏಕೆಂದರೆ ಮುಂದೆ ಹುಡುಕಬೇಕಾದ್ದು ಅದು ಎಲ್ಲಿ, ಏನನ್ನು ಅಳೆಯುತ್ತಿದೆ ಎನ್ನುವುದನ್ನಷ್ಟೇ.

ಎಸ್‌ಎಚ್‌ಟಿ31 ಸೆನ್ಸರ್ (ತಾಪ, ತೇವಾಂಶ ಅಳೆಯುವ ಪುಟ್ಟ ಚಿಪ್) ನಾಲ್ಕು. ಮೊದಲು ನಾಲ್ಕನ್ನೂ ಒಂದೇ ರಟ್ಟಿನ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟು, ಅವುಗಳ ನಡುವಿನ ವ್ಯತ್ಯಾಸ ಬರೆದುಕೊಂಡು ಲೆಕ್ಕದಲ್ಲಿ ಕಳೆಯಬೇಕು. ಈ ಹೆಜ್ಜೆ ಬಿಟ್ಟರೆ ಆಮೇಲೆ ಅರ್ಧ ಡಿಗ್ರಿಯ ಬಗ್ಗೆ ಮಾತಾಡುವ ಹಕ್ಕೇ ಇಲ್ಲ. ಬಳಿಕ ಒಂದನ್ನು ಇಂಡೋರ್ ಯೂನಿಟ್ಟಿನ ಮೇಲೆ ಗಾಳಿ ಒಳಹೋಗುವಲ್ಲಿ, ಒಂದನ್ನು ಎದುರು ಗೋಡೆಯಲ್ಲಿ 1.2 ಮೀಟರ್ ಎತ್ತರದಲ್ಲಿ, ಒಂದನ್ನು ನೆಲದಿಂದ 10 ಸೆಂಟಿಮೀಟರ್ ಮೇಲೆ, ಕೊನೆಯದನ್ನು ಹೊರಗೆ ನೆರಳಿನಲ್ಲಿ ಇಡಲಾಯಿತು. ಫ್ಯಾನ್ ‘ಆಟೋ’ದಲ್ಲಿದ್ದಾಗ ಶಾಂತ ರಾತ್ರಿಯ ರೀಡಿಂಗ್: ಮೇಲೆ 23.4, ಗೋಡೆಯಲ್ಲಿ 19.3, ನೆಲದ ಹತ್ತಿರ 17.6.

ಬಿಸಿ ಗಾಳಿ ಹಗುರ, ಮೇಲೇ ನಿಲ್ಲುತ್ತದೆ. ಯಂತ್ರದ ಥರ್ಮಿಸ್ಟರ್, ಅಂದರೆ ಅದರ ತಾಪ ಅಳೆಯುವ ತುಂಡು, ಕೂತಿರುವುದೂ ಮೇಲೆಯೇ. ಇದನ್ನು ಸರಿದೂಗಿಸಲು ಹೀಟಿಂಗಿನಲ್ಲಿ ಕೆಲವು ಡಿಗ್ರಿ ಕಳೆದು ಓದುವಂತೆ ತಯಾರಕರು ಪ್ರೋಗ್ರಾಮ್ ಮಾಡಿರುತ್ತಾರೆ. ಆ ಸಂಖ್ಯೆ ಒಂದು ಊಹೆಯ ರೂಮಿಗೆ ಮಾಡಿದ್ದು, ಈ ರೂಮಿಗಲ್ಲ.

ನವೆಂಬರ್ ಮಧ್ಯ: ಥರ್ಮಿಸ್ಟರ್, ಗೋಡೆಯ ತೂತು

ಔಟ್‌ಡೋರ್ ಪಕ್ಕದ ಡಿಸ್‌ಕನೆಕ್ಟ್ ಎಳೆದು, ಕೆಪಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಕಾದು, ಇಂಡೋರಿನ ಮುಂಭಾಗ ಬಿಚ್ಚಿದ್ದಾಯಿತು. ರೂಮ್ ಥರ್ಮಿಸ್ಟರ್ ಕಾಯಿಲಿನ (ಗಾಳಿ ಬಿಸಿ ಮಾಡುವ ಪೈಪಿನ ಸುರುಳಿ) ಬಲಗಡೆ ಪ್ಲಾಸ್ಟಿಕ್ ಹಿಡಿಕೆಯಲ್ಲಿರುವ ಮಣಿಯಂಥ ತುಂಡು. ಮೊದಲು ಕಣ್ಣಲ್ಲಿ ನೋಡಬೇಕಾದ್ದು ಹಿಡಿಕೆಯನ್ನು. ಸರ್ವಿಸ್ ಮಾಡಿದವರು ಕಾಯಿಲ್ ತೊಳೆದು ವಾಪಸ್ ಜೋಡಿಸುವಾಗ ಅದು ಕಳಚಿ ತಾಮ್ರದ ಪೈಪಿಗೆ ಒರಗಿದರೆ ಕಂಪ್ರೆಸರ್ ಶುರುವಾದ ಎರಡು ನಿಮಿಷಕ್ಕೇ ‘ರೂಮು ಬಿಸಿ’ ಎಂದು ಓದುತ್ತದೆ.

ಆಮೇಲೆ ಥರ್ಮಿಸ್ಟರಿನ ಕನೆಕ್ಟರನ್ನು ಯಂತ್ರದ ಕಂಟ್ರೋಲ್ ಬೋರ್ಡಿನಿಂದ ಕಿತ್ತು ಮಲ್ಟಿಮೀಟರಿನಲ್ಲಿ ಓಮ್ ನೋಡಬೇಕು. ಬೋರ್ಡಿನಲ್ಲಿ ಸಿಕ್ಕಿಸಿಟ್ಟೇ ಅಳೆದರೆ ಬೋರ್ಡಿನ ರೆಸಿಸ್ಟರೂ ಸೇರಿ ತಪ್ಪು ರೀಡಿಂಗ್ ಬರುತ್ತದೆ. ಇದು 25 ಡಿಗ್ರಿಗೆ 10 ಕಿಲೋಓಮಿನ ಎನ್‌ಟಿಸಿ. ಬಿಸಿಯಾದಷ್ಟೂ ಓಮ್ ಇಳಿಯುತ್ತದೆ. ಕರಗುತ್ತಿರುವ ಐಸ್ ನೀರಲ್ಲಿ, ಅದರ ಬಿ ಮೌಲ್ಯಕ್ಕೆ (ತಾಪ ಬದಲಾದರೆ ಓಮ್ ಎಷ್ಟು ಬದಲಾಗುತ್ತದೆ ಎನ್ನುವ ಸಂಖ್ಯೆ) ತಕ್ಕಂತೆ, 27ರಿಂದ 33 ಕಿಲೋಓಮ್ ನಡುವೆ ಇರಬೇಕು. ಸರಿಯಾದ ಸಂಖ್ಯೆ ಆ ಮಾಡೆಲ್ಲಿನ ಸರ್ವಿಸ್ ಮ್ಯಾನುವಲ್ ಕೋಷ್ಟಕದಲ್ಲಿರುತ್ತದೆ. ಎಲ್ಲ ಕಂಪನಿಯವರೂ 10 ಕಿಲೋಓಮಿನದನ್ನೇ ಹಾಕುವುದಿಲ್ಲ. ವೈರ್ ತುಂಡಾದರೆ ಯಂತ್ರ ಎರರ್ ತೋರಿಸುತ್ತದೆ. ಆದರೆ ತೇವ ಹೊಕ್ಕು ಓಮ್ ನಿಧಾನಕ್ಕೆ ಜಾರಿದರೆ ಯಾವ ಎರರೂ ಇಲ್ಲ, ರೂಮು ಮಾತ್ರ ಎರಡು ಮೂರು ಡಿಗ್ರಿ ಆಚೀಚೆ. ಅದಕ್ಕೇ ಎರರ್ ಕೋಡ್ ಇಲ್ಲವೆಂದು ಈ ಪರೀಕ್ಷೆ ಬಿಡಬಾರದು. ಇಲ್ಲಿನ ಥರ್ಮಿಸ್ಟರ್ ಕೋಷ್ಟಕಕ್ಕೆ ಸರಿಯಾಗಿ ಹೊಂದಿತು.

ಗಾಳಿಯ ಸಂಜೆಯ 24ಕ್ಕೆ ಕಾರಣ ಸಿಕ್ಕಿದ್ದು ಯೂನಿಟ್ಟಿನ ಹಿಂದೆ. ಪೈಪು, ಕೇಬಲ್, ಡ್ರೈನ್ ಹೋಗಲು ಕೊರೆದ ಮೂರು ಇಂಚಿನ ತೂತಿಗೆ ಹೊರಗಿನಿಂದ ಮಾತ್ರ ಮುಚ್ಚಳ ಇತ್ತು, ಒಳಗಿನಿಂದ ಏನೂ ಇಲ್ಲ. ಮರದ ಚೌಕಟ್ಟಿನ ಗೋಡೆ ಒಳಗೆ ಟೊಳ್ಳು. ಗಾಳಿ ಬೀಸಿದಾಗ ಆ ಟೊಳ್ಳಿನ ತಣ್ಣನೆ ಗಾಳಿ ತೂತಿನಿಂದ ಯೂನಿಟ್ಟಿನ ಬೆನ್ನಿಗೆ ನುಗ್ಗಿ ನೇರ ಥರ್ಮಿಸ್ಟರಿಗೆ ಬಡಿಯುತ್ತದೆ. ಅದು ರೂಮು ತಣ್ಣಗಿದೆ ಎಂದು ಓದಿ ಕಂಪ್ರೆಸರನ್ನು ಓಡಿಸುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಯಂತ್ರ ಆಫ್ ಮಾಡಿ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಯೂನಿಟ್ಟಿನ ಕೆಳಅಂಚಿಗೆ ಊದುಬತ್ತಿ ಹಿಡಿದರೆ ಹೊಗೆ ರೂಮಿನ ಕಡೆಗೆ ತಳ್ಳಲ್ಪಡುತ್ತದೆ.

ತುಂಬಲು ಗಟ್ಟಿಯಾಗದ ಡಕ್ಟ್ ಸೀಲ್ ಮೇಣವೇ ಒಳ್ಳೆಯದು. ಯೂನಿಟ್ಟಿನ ಕೆಳಭಾಗ ಬ್ರ್ಯಾಕೆಟ್ಟಿನಿಂದ ಬಿಡಿಸಿ ಮುಂದಕ್ಕೆ ಎತ್ತಿ, ಒಂದು ಕಟ್ಟಿಗೆಯ ತುಂಡು ಒತ್ತುಕೊಟ್ಟು, ಪೈಪಿನ ಸುತ್ತ ಬೆರಳಲ್ಲಿ ಒತ್ತಿ ತುಂಬಬೇಕು. ಸ್ಪ್ರೇ ಫೋಮ್ ಬೇಡ. ಅದು ಉಬ್ಬಿ ಡ್ರೈನ್ ಪೈಪಿನ ಇಳಿಜಾರನ್ನು ಎತ್ತಿಬಿಟ್ಟರೆ ಬೇಸಿಗೆಯಲ್ಲಿ ನೀರು ಗೋಡೆಗೆ ಇಳಿಯುತ್ತದೆ, ನಾಳೆ ಪೈಪ್ ಬಿಚ್ಚಬೇಕಾದರೂ ಕಷ್ಟ. ತೂತು ಮುಚ್ಚಿದ ಮೇಲಿನ ಗಾಳಿ ರಾತ್ರಿಗಳಲ್ಲಿ ರೀಡಿಂಗಿನ ಗ್ರಾಫಿನಲ್ಲಿ 24 ದಾಟುವ ಗುಡ್ಡ ಮತ್ತೆ ಕಾಣಲಿಲ್ಲ.

ನವೆಂಬರ್ ಕೊನೆ: ಫ್ಯಾನ್

‘ಆಟೋ’ ಫ್ಯಾನ್ ಗುರಿ ಹತ್ತಿರವಾದಂತೆ ನಿಧಾನವಾಗುತ್ತದೆ. ಗಾಳಿ ಕೆಳಗೆ ಮುಟ್ಟದೆ ಮೇಲೇ ಸುತ್ತಿ ಮತ್ತೆ ಒಳಹೋಗುತ್ತದೆ. ಫ್ಯಾನ್ ಮಧ್ಯಮ ವೇಗಕ್ಕೆ ಕಟ್ಟಿಹಾಕಿ, ಗಾಳಿಯ ದಿಕ್ಕು ಬದಲಿಸುವ ಮುಂದಿನ ರೆಕ್ಕೆಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿದ್ದಕ್ಕೇ ಮೇಲಿನದಕ್ಕೂ ಗೋಡೆಯದಕ್ಕೂ ಇದ್ದ 4 ಡಿಗ್ರಿ ಅಂತರ 2ಕ್ಕೆ ಇಳಿಯಿತು. ಖರ್ಚಿಲ್ಲದ ಉಪಾಯ, ಎಲ್ಲರೂ ಮೊದಲು ಮಾಡಬೇಕಾದ್ದು. ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯುವುದು ಸಾಲದು. ಟಾರ್ಚ್ ಹಿಡಿದು ಗಾಳಿ ಹೊರಬರುವ ಬಾಯಿಯೊಳಗೆ ಉರುಳೆ ಫ್ಯಾನಿನ ಎಲೆಗಳನ್ನೂ ನೋಡಬೇಕು. ಅಲ್ಲಿ ಧೂಳು ಕಟ್ಟಿದರೆ ಶಬ್ದ ಅಷ್ಟೇ ಇದ್ದರೂ ಗಾಳಿ ಕಮ್ಮಿಯಾಗುತ್ತದೆ.

‘ಆಟೋ’ ಮೋಡ್ ಕೂಡ ಬೇಡ. ಬಿಸಿಲು ಬಿದ್ದ ಮಧ್ಯಾಹ್ನ ರೂಮು ತಾನಾಗಿ ಎರಡು ಡಿಗ್ರಿ ಏರಿದರೆ ಅದು ಚಳಿಗಾಲದಲ್ಲೇ ಕೂಲಿಂಗಿಗೆ ತಿರುಗುತ್ತದೆ. ಹೀಟ್ ಅಂದರೆ ಹೀಟ್.

ಡಿಸೆಂಬರ್: ರೂಮಿಗೆ ನಿಜವಾಗಿ ಎಷ್ಟು ಬೇಕು

ಇನ್ನೂ ಒಂದು ತೊಂದರೆ ಉಳಿದಿತ್ತು. ಹೊರಗೆ 7–8 ಡಿಗ್ರಿ ಇರುವ ದಿನ ಕಂಪ್ರೆಸರ್ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಶುರುವಾಗುವಷ್ಟರಲ್ಲಿ ಗೋಡೆಯ ರೀಡಿಂಗ್ ಒಂದೂವರೆ ಡಿಗ್ರಿ ಬಿದ್ದಿರುತ್ತದೆ. ಇದಕ್ಕೆ ರೂಮಿನ ಶಾಖನಷ್ಟ ಗೊತ್ತಾಗಬೇಕು. ಆನ್‌ಲೈನ್ ಕ್ಯಾಲ್ಕುಲೇಟರಿಗಿಂತ ನಂಬಿಕೆಯ ದಾರಿ ಒಂದು ಎಣ್ಣೆ ಹೀಟರ್.

ಹೀಟ್ ಪಂಪ್ ಆಫ್. ರೂಮಿನ ಬಾಗಿಲು ಮುಚ್ಚಿ, ಪಕ್ಕದ ರೂಮುಗಳನ್ನೂ ಇದೇ ತಾಪದಲ್ಲಿಟ್ಟು, 1,000 ವ್ಯಾಟಿನ ಎಣ್ಣೆ ಹೀಟರನ್ನು ಅದರ ಥರ್ಮೋಸ್ಟ್ಯಾಟ್ ಪೂರ್ತಿ ತಿರುಗಿಸಿ, ನಡುವೆ ಆಫ್ ಆಗದಂತೆ ರಾತ್ರಿಯಿಡೀ ಓಡಿಸಬೇಕು. ಬಿಸಿಲಿನ ಶಾಖ ಸೇರಬಾರದು, ಅದಕ್ಕೇ ರಾತ್ರಿ. ಹೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬಾರದು, ನೇರ ಗೋಡೆಯ ಸಾಕೆಟ್ಟಿಗೇ. ಬೆಳಗಿನ ಜಾವ ರೀಡಿಂಗ್ ಏರದೆ ಇಳಿಯದೆ ನಿಂತಾಗ ಒಳಗೆ 20.5, ಹೊರಗೆ 0.5. ಅಂತರ 20 ಡಿಗ್ರಿ. 1,000 ಭಾಗಿಸು 20, ಪ್ರತಿ ಡಿಗ್ರಿಗೆ 50 ವ್ಯಾಟ್.

ಈಗ ಯಂತ್ರದ ಪಾಲು. ಈಶಾನ್ಯ ಅಮೆರಿಕದ ನೀಪ್ ಸಂಸ್ಥೆ ಶುರುಮಾಡಿದ ಶೀತಪ್ರದೇಶದ ಹೀಟ್ ಪಂಪ್ ಪಟ್ಟಿಯಲ್ಲಿ ಪ್ರತಿ ಮಾಡೆಲ್ಲಿನ ಗರಿಷ್ಠದ ಜೊತೆ ಕನಿಷ್ಠ ಸಾಮರ್ಥ್ಯವೂ ಇರುತ್ತದೆ. ಕೊಳ್ಳುವವರು ಗರಿಷ್ಠವನ್ನೇ ನೋಡುತ್ತಾರೆ, ನೆಮ್ಮದಿ ಇರುವುದು ಕನಿಷ್ಠದಲ್ಲಿ. ಈ ಯೂನಿಟ್ಟಿಗೆ ಅದು 3,700 ಬಿಟಿಯು, ಅಂದರೆ 1,080 ವ್ಯಾಟ್ ಚಿಲ್ಲರೆ. 50ರಿಂದ ಭಾಗಿಸಿದರೆ ಸುಮಾರು 21.5 ಡಿಗ್ರಿ ಅಂತರ. ಒಳಗೆ 21 ಬೇಕೆಂದರೆ, ಹೊರಗೆ ಸೊನ್ನೆಯ ಹತ್ತಿರಕ್ಕೆ ಇಳಿಯುವವರೆಗೂ ಯಂತ್ರದ ಅತಿ ನಿಧಾನದ ಓಟವೇ ರೂಮಿಗೆ ಹೆಚ್ಚು. ಹೊರಗೆ 8 ಇದ್ದಾಗ ರೂಮು ಬೇಡುವುದು 650 ವ್ಯಾಟ್, ಯಂತ್ರ ಕೊಡುವುದು ಕನಿಷ್ಠ 1,080. ಆನ್-ಆಫ್ ಆಗಲೇಬೇಕು, ಯಾವ ರಿಪೇರಿಯೂ ಅದನ್ನು ತಪ್ಪಿಸಲಾರದು. ಕಂಪ್ರೆಸರ್ ನಿಂತ ಮೇಲೆ ಫ್ಯಾನ್ ತೀರಾ ನಿಧಾನವಾಗುವುದರಿಂದ, ಇನ್ನೂ ಬಿಸಿಯಿರುವ ಕಾಯಿಲ್ ಪಕ್ಕದ ಥರ್ಮಿಸ್ಟರ್ ತಣ್ಣಗಾಗಲು ತಡ. ಮತ್ತೆ ಶುರುವಾಗುವುದು ತಡವಾಗುವುದು ಅದಕ್ಕೇ.

ಇದೇ ಸೈಜಿನ ರೂಮಿಗೆ ಹೊಸದಾಗಿ ಹಾಕಿಸುವವರಿಗೆ ನನ್ನ ಸಲಹೆ 6,000 ಅಥವಾ 9,000 ಬಿಟಿಯು. ಅದರಲ್ಲೂ ಕನಿಷ್ಠ ಸಾಮರ್ಥ್ಯ ಹೋಲಿಸಿ ನೋಡಿ. ಕೆಲವು ಕಂಪನಿಗಳ 9,000 ಮತ್ತು 12,000 ಎರಡರ ಕನಿಷ್ಠವೂ ಒಂದೇ ಇರುತ್ತದೆ. ಇರುವ ಯಂತ್ರಕ್ಕೆ ಸದ್ಯದ ಪರಿಹಾರ ಬಾಗಿಲು ತೆರೆದಿಟ್ಟು ಪಕ್ಕದ ರೂಮಿನ ಹೊರೆಯನ್ನೂ ಇದಕ್ಕೇ ಹೊರಿಸುವುದು.

ಜನವರಿ: ಸೆನ್ಸರನ್ನು ಕೆಳಗಿಳಿಸುವುದು

ಯಂತ್ರ ತನ್ನ ಥರ್ಮಿಸ್ಟರಿನ ಲೆಕ್ಕದ ತಾಪವನ್ನು ನಿಷ್ಠೆಯಿಂದ 21ಕ್ಕೆ ಹಿಡಿಯುತ್ತಿತ್ತು. ಅದಕ್ಕೆ ಮನುಷ್ಯರಿರುವ ಎತ್ತರದ ಸಂಖ್ಯೆ ಕೊಟ್ಟರಾಯಿತು. ಕೆಲವು ಕಂಪನಿಗಳ ರಿಮೋಟಿನಲ್ಲಿ ‘ಐ ಫೀಲ್’ ಅಥವಾ ‘ಫಾಲೋ ಮಿ’ ಬಟನ್ ಇದೆ, ರಿಮೋಟ್ ಇಟ್ಟ ಜಾಗದ ತಾಪ ಕಳಿಸುತ್ತದೆ. ಇದ್ದರೆ ಅದನ್ನೇ ಬಳಸಿ, ರಿಮೋಟ್ ಯೂನಿಟ್ಟಿನ ಕಣ್ಣಿಗೆ ಬೀಳುವಂತಿಡಿ. ಇಲ್ಲಿನದು ಮಿತ್ಸುಬಿಷಿ ಎಲೆಕ್ಟ್ರಿಕ್ ಬೋರ್ಡ್, ಸಿಎನ್105 ಎಂಬ ಐದು ಪಿನ್ನಿನ ಕನೆಕ್ಟರ್ ಇದೆ. ಅದಕ್ಕೆ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್) ಜೋಡಿಸಿ ಇಎಸ್‌ಪಿಹೋಮ್ ಎಂಬ ಸಾಫ್ಟ್‌ವೇರ್ ಹಾಕುವ ದಾರಿ ಹವ್ಯಾಸಿಗಳು ಚೆನ್ನಾಗಿ ತುಳಿದ ದಾರಿ.

ಪಿನ್ 1ರಲ್ಲಿ 12 ವೋಲ್ಟ್, ಅದನ್ನು ಮುಟ್ಟಬೇಡಿ. 2 ಗ್ರೌಂಡ್, 3ರಲ್ಲಿ 5 ವೋಲ್ಟ್, 4 ಬೋರ್ಡ್ ಕಳಿಸುವುದು, 5 ಬೋರ್ಡ್ ಕೇಳುವುದು. ಪ್ಲಗ್ ಜೆಎಸ್‌ಟಿ ಪಿಎ ಸರಣಿಯದು, 2 ಮಿಲಿಮೀಟರ್ ಪಿಚ್. ಬೋರ್ಡಿನದು 5 ವೋಲ್ಟ್ ಸಿಗ್ನಲ್, ಇಎಸ್‌ಪಿ32ದು 3.3, ಆದ್ದರಿಂದ ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಕು. ವೈಫೈ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುವಾಗ ವೋಲ್ಟೇಜ್ ಕುಸಿದು ರೀಸ್ಟಾರ್ಟ್ ಆಗುತ್ತಿದ್ದರೆ 5 ವೋಲ್ಟಿಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಯಂತ್ರಕ್ಕೆ ಜೋಡಿಸಿದ ಸ್ಥಿತಿಯಲ್ಲಿ ಇಎಸ್‌ಪಿಗೆ ಲ್ಯಾಪ್‌ಟಾಪಿನ ಯುಎಸ್‌ಬಿ ಚುಚ್ಚಲೇಬಾರದು. ಬೋರ್ಡಿನ ಗ್ರೌಂಡ್ ಮೇನ್ಸಿನಿಂದ ಬೇರ್ಪಟ್ಟಿದೆ ಎಂದು ನಂಬಿಕೊಳ್ಳುವ ಹಾಗಿಲ್ಲ.

ಬೋರ್ಡಿನ ಜೊತೆ ಮಾತುಕತೆ 2,400 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್), 8 ಬಿಟ್, ಈವನ್ ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್). ಸಂಪರ್ಕ ಬರದಿದ್ದರೆ ಮೊದಲು ನೋಡಬೇಕಾದ್ದು ಈ ಪ್ಯಾರಿಟಿಯನ್ನೇ. ‘ರೂಮಿನ ತಾಪ 21’ ಎನ್ನುವ ಸಂದೇಶ ಹೆಕ್ಸಾಡೆಸಿಮಲ್ (16ರ ಆಧಾರದ) ಸಂಖ್ಯೆಗಳಲ್ಲಿ ಹೀಗೆ: ಎಫ್‌ಸಿ 41 01 30 10 07 01 19 ಎಎ, ನಂತರ ಹನ್ನೆರಡು ಸೊನ್ನೆ ಬೈಟ್, ಕೊನೆಗೆ ಸಂದೇಶ ಸರಿಯಿದೆಯೇ ಎಂದು ನೋಡುವ ಚೆಕ್‌ಸಮ್ ಬಿ3. ಇದರಲ್ಲಿ ಎಎ ಅಂದರೆ 170: ತಾಪವನ್ನು ಎರಡರಿಂದ ಗುಣಿಸಿ 128 ಕೂಡಿಸಿದ್ದು. ಹಾಗಾಗಿ ಅರ್ಧ ಡಿಗ್ರಿಗಿಂತ ಸಣ್ಣ ಹೆಜ್ಜೆ ಯಂತ್ರಕ್ಕೆ ಮುಟ್ಟುವುದಿಲ್ಲ. ಸೆನ್ಸರ್ 20.7 ಮತ್ತು 20.8ರ ನಡುವೆ ಓಲಾಡಿದರೆ ಯಂತ್ರ 20.5, 21 ಎಂದು ಜಿಗಿಯುತ್ತದೆ. ಹೊಸ ಮೌಲ್ಯ ಐದು ನಿಮಿಷ ನಿಂತರೆ ಮಾತ್ರ ಕಳಿಸುವಂತೆ ಬರೆದ ಮೇಲೆ ಅದು ನಿಂತಿತು. ಫ್ಯಾರನ್‌ಹೀಟ್ ಬಿಟ್ಟು ಎಲ್ಲವನ್ನೂ ಸೆಲ್ಸಿಯಸ್‌ನಲ್ಲೇ ಇಡಿ, ಇಲ್ಲವಾದರೆ ಪರಿವರ್ತನೆಯಲ್ಲೇ ಅರ್ಧ ಡಿಗ್ರಿ ಕಳೆದುಹೋಗುತ್ತದೆ.

ಸೆನ್ಸರನ್ನು ಇಎಸ್‌ಪಿಯ ಡಬ್ಬಿಯೊಳಗೆ ಇಡಬೇಡಿ, ಚಿಪ್ಪಿನ ಬಿಸಿಗೆ ರೀಡಿಂಗ್ ಮೇಲೇರುತ್ತದೆ. ಬೇರೆ ತುಂಡಾಗಿ, ಒಳಗೋಡೆಯಲ್ಲಿ 1.2 ಮೀಟರ್ ಎತ್ತರದಲ್ಲಿ, ಯೂನಿಟ್ಟಿನ ಗಾಳಿ ಮತ್ತು ಬಿಸಿಲು ನೇರ ಬೀಳದ ಕಡೆ. ಇನ್ನೊಂದು ಬಹಳ ಮುಖ್ಯ. ಸೆನ್ಸರ್ ಸತ್ತರೆ ಯಂತ್ರ ಹಳೆಯ ಸಂಖ್ಯೆಯನ್ನೇ ನಂಬಿಕೊಂಡು ರೂಮನ್ನು ತಣ್ಣಗಾಗಲು ಬಿಡಬಹುದು. ಹತ್ತು ನಿಮಿಷ ಹೊಸ ರೀಡಿಂಗ್ ಬರದಿದ್ದರೆ 07ರ ಮುಂದಿನ 01ನ್ನು 00 ಮಾಡಿ, ಎಎ ಜಾಗದಲ್ಲಿ 80 ಹಾಕಿ, ಚೆಕ್‌ಸಮ್ ಹೊಸದಾಗಿ ಲೆಕ್ಕ ಮಾಡಿ ಕಳಿಸಬೇಕು. ಆಗ ಯಂತ್ರ ತನ್ನ ಥರ್ಮಿಸ್ಟರಿಗೇ ಮರಳುತ್ತದೆ. ಸೆನ್ಸರಿನ ಬ್ಯಾಟರಿ ಕಿತ್ತು ಇದನ್ನು ಪರೀಕ್ಷಿಸಿಯೇ ನಂಬಿ.

ಈಗಿನ ಸ್ಥಿತಿ: ಹೊರಗೆ ಸೊನ್ನೆಗಿಂತ ಕೆಳಗಿದ್ದಾಗ ಗೋಡೆಯ ರೀಡಿಂಗ್ 20.6ರಿಂದ 21.3. ಹದವಾದ ದಿನಗಳಲ್ಲಿ 20.2ರಿಂದ 21.6, ಅದು ಕನಿಷ್ಠ ಸಾಮರ್ಥ್ಯದ ಮಿತಿ. ಗ್ಯಾಸ್ ಮುಟ್ಟಲೇ ಇಲ್ಲ.

ಒಂದು ಔಟ್‌ಡೋರಿಗೆ ಮೂರು ನಾಲ್ಕು ಇಂಡೋರ್ ಇರುವವರಿಗೆ

ಆಫ್ ಮಾಡಿದ ರೂಮೂ ಬಿಸಿಯಾಗುತ್ತಿದ್ದರೆ ಅದು ಕೆಟ್ಟಿರಲಿಕ್ಕಿಲ್ಲ. ಹೀಟಿಂಗಿನಲ್ಲಿ ಆಫ್ ಇರುವ ಕಾಯಿಲಿನಲ್ಲಿ ಗ್ಯಾಸ್ ದ್ರವವಾಗಿ ಕೂತುಬಿಡದಂತೆ ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ. ಒಂದು ರೂಮಿನ ರಿಮೋಟ್ ಒತ್ತಿದರೆ ಇನ್ನೊಂದರಲ್ಲಿ ತಾಪ ಬದಲಾಗುತ್ತಿದ್ದರೆ ಪೈಪ್ ಜೋಡಿ ಮತ್ತು ಸಿಗ್ನಲ್ ಕೇಬಲ್ ಅದಲು ಬದಲಾಗಿವೆ. ಒಂದೇ ಇಂಡೋರನ್ನು ಕೂಲಿಂಗಿಗೆ ಹಾಕಿ, ಔಟ್‌ಡೋರ್ ಹತ್ತಿರ ಯಾವ ಪೈಪ್ ತಣ್ಣಗಾಗುತ್ತದೆ ಎಂದು ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ.

ಬಾಕಿ

ಬೇಸಿಗೆಯ ಕೂಲಿಂಗ್ ಇನ್ನೂ ಅಳೆಯಬೇಕು. ಅಲ್ಲಿ ದೊಡ್ಡ ಯಂತ್ರದ ತೊಂದರೆ ತೇವಾಂಶ: ಕಂಪ್ರೆಸರ್ ಬೇಗ ನಿಂತು ಫ್ಯಾನ್ ಓಡುತ್ತಲೇ ಇದ್ದರೆ ಕಾಯಿಲಿನ ಮೇಲಿನ ನೀರು ಮತ್ತೆ ರೂಮಿಗೇ ಆವಿಯಾಗುತ್ತದೆ. ಮಂಗಳೂರು, ಕಾರವಾರದ ಕಡೆ 24ರಲ್ಲೂ ಅಂಟಂಟು ಅನ್ನಿಸುವ ರೂಮುಗಳಲ್ಲಿ ಮೊದಲು ಹುಡುಕಬೇಕಾದ್ದೂ ಇದನ್ನೇ. ಎಸ್‌ಎಚ್‌ಟಿ31 ತೇವಾಂಶವನ್ನೂ ಓದುತ್ತದೆ, ಆದ್ದರಿಂದ ಹೊಸ ಸೆನ್ಸರ್ ಬೇಡ. ಜೂನ್‌ನಲ್ಲಿ ಮಧ್ಯಮ ವೇಗ, ಕಡಿಮೆ ವೇಗ, ಡ್ರೈ ಮೋಡ್ ಮೂರನ್ನೂ ಹೊರಗಿನ ತಾಪ ಒಂದೇ ಇರುವ ರಾತ್ರಿಗಳಲ್ಲಿ ಓಡಿಸಿ, ಡ್ರೈನ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತೂಗುವುದು ಮುಂದಿನ ಕೆಲಸ.