ಋಣಾತ್ಮಕ ಪುನರ್ಬಲನವೆಂದರೆ ಶಿಕ್ಷೆಯಲ್ಲ

ಕಳೆದ ವರ್ಷ ಹಾಸನದ ನಮ್ಮ ಮನೆಯಲ್ಲಿ ಸಂಜೆ ಆರು ಗಂಟೆಯಾಯಿತೆಂದರೆ ಒಂದು ಗಲಾಟೆ ಖಾತ್ರಿಯಾಗಿತ್ತು. ನನ್ನ ತಂಗಿಯ ಮಗನಿಗೆ ಆಗ ಆರು ವರ್ಷ. ಅವನಿಗೆ ಆಟಿಸಂ ಇದೆ, ಮಾತು ಇನ್ನೂ ಬಂದಿರಲಿಲ್ಲ. ತಂಗಿ ಸ್ಲೇಟು ಮುಂದಿಟ್ಟೊಡನೆ ಅವನು ನೆಲಕ್ಕೆ ಉರುಳಿ ಕಿರುಚುತ್ತಿದ್ದ. ಅಡುಗೆಮನೆಯಿಂದ ನಮ್ಮ ಅವ್ವ ಬಂದು, "ಬುಡು ಕಣವ್ವ, ಮಗ ಸುಸ್ತಾಗವ್ನೆ" ಎಂದು ಸ್ಲೇಟನ್ನೆತ್ತಿ ಗೂಡಿನಲ್ಲಿಡುತ್ತಿದ್ದರು. ಕಿರುಚಾಟ ಅಲ್ಲಿಗೆ ನಿಲ್ಲುತ್ತಿತ್ತು.

ಬಿ.ಎಡ್. ಓದುವಾಗ ನಾನು ಬಾಯಿಪಾಠ ಮಾಡಿದ್ದ ಗೈಡಿನಲ್ಲಿ ಋಣಾತ್ಮಕ ಪುನರ್ಬಲನಕ್ಕೆ ಬೈಗುಳ ಮತ್ತು ಹೊಡೆತಗಳ ಉದಾಹರಣೆ ಕೊಟ್ಟಿದ್ದರು. ಅದನ್ನೇ ಬರೆದು ಅಂಕವನ್ನೂ ಪಡೆದಿದ್ದೆ. ಅದು ಶುದ್ಧ ತಪ್ಪು. ಯಾವ ಪರಿಣಾಮದಿಂದ ಒಂದು ವರ್ತನೆ ಮುಂದೆ ಹೆಚ್ಚುತ್ತದೆಯೋ ಅದು ಪುನರ್ಬಲನ, ಯಾವುದರಿಂದ ಕಡಿಮೆಯಾಗುತ್ತದೆಯೋ ಅದು ಶಿಕ್ಷೆ. ಧನ, ಋಣ ಎಂಬ ಮಾತುಗಳಿಗೆ ಇಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬ ಅರ್ಥವೇ ಇಲ್ಲ. ಅವು ಲೆಕ್ಕದ ಕೂಡುವ, ಕಳೆಯುವ ಚಿಹ್ನೆಗಳು, ಅಷ್ಟೆ. ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಹೋದಾಗ ಕಾಲಿಗೆ ಹತ್ತಿದ ಜಿಗಣೆಯ ಮೇಲೆ ಉಪ್ಪು ಹಾಕಿ, ಅದು ಉದುರಿಬಿದ್ದರೆ, ಮುಂದಿನ ಸಲವೂ ನಮ್ಮ ಕೈ ಉಪ್ಪಿಗೇ ಹೋಗುತ್ತದೆ. ಇದ್ದ ಪೀಡೆಯೊಂದು ಕಳೆಯಿತು, ಉಪ್ಪು ಹಾಕುವ ವರ್ತನೆ ಬಲಗೊಂಡಿತು. ಇದೇ ಋಣಾತ್ಮಕ ಪುನರ್ಬಲನ. ತುಂಟಾಟಕ್ಕೆಂದು ಮೊಬೈಲು ಕಸಿದುಕೊಂಡು, ಅದರಿಂದ ತುಂಟಾಟ ಕಡಿಮೆಯಾದರೆ, ಅದು ಋಣಾತ್ಮಕ ಶಿಕ್ಷೆ.

ಈಗ ಆ ಸಂಜೆಯನ್ನು ಮತ್ತೆ ನೋಡಿ. ಕಿರುಚಿದ್ದರಿಂದ ಹುಡುಗನ ಎದುರಿನಿಂದ ಸ್ಲೇಟು ಹೋಯಿತು. ಸ್ಲೇಟು ಎತ್ತಿದ್ದರಿಂದ ಅವ್ವನ ಕಿವಿಗೆ ಬೀಳುತ್ತಿದ್ದ ಕಿರುಚಾಟ ಹೋಯಿತು. ಇಬ್ಬರಿಗೂ ಋಣಾತ್ಮಕ ಪುನರ್ಬಲನವೇ ಸಿಕ್ಕಿತ್ತು, ಆದ್ದರಿಂದ ಇಬ್ಬರೂ ಮರುದಿನ ಅದನ್ನೇ ಮಾಡುತ್ತಿದ್ದರು. ಅವ್ವನ ಮುದ್ದು ಅತಿಯಾಯಿತೆಂದು ಮೂರು ತಿಂಗಳು ಜಗಳವಾಡಿದ ನಮಗೆ ಇದು ಹೊಳೆದಿರಲಿಲ್ಲ.

ಹೊಳೆದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಿಂದ. ಪೂರ್ವಸಂದರ್ಭ, ವರ್ತನೆ, ಪರಿಣಾಮ ಎಂದು ಮೂರು ಕಾಲಂ ಎಳೆದು ಎರಡು ವಾರ ಬರೆದೆವು. ಮೊದಲ ದಿನ ತಂಗಿ ನಡುವಿನ ಕಾಲಂನಲ್ಲಿ "ಹಟ ಮಾಡಿದ" ಎಂದು ಬರೆದಿದ್ದಳು. ಹಟವೆಂಬುದು ನಮ್ಮ ತೀರ್ಪು. ಅದನ್ನು ಎಣಿಸಲು ಬರುವುದಿಲ್ಲ. "ಸ್ಲೇಟು ಕಂಡೊಡನೆ ನೆಲದಲ್ಲಿ ಮಲಗಿ ಕಿರುಚಿದ, ನಾಲ್ಕು ನಿಮಿಷ" ಎಂಬುದನ್ನು ಯಾರು ನೋಡಿದರೂ ಒಂದೇ ರೀತಿ ಎಣಿಸಬಹುದು. ಆಗ್ಡೆನ್ ಲಿಂಡ್ಸ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದಕ್ಕೊಂದು ವಿಚಿತ್ರ ಪರೀಕ್ಷೆ ಕೊಟ್ಟಿದ್ದಾರೆ: ಹೆಣವೂ ಮಾಡಬಲ್ಲದ್ದು ವರ್ತನೆಯಲ್ಲ. ಹಾಗೆ ನೋಡಿದರೆ "ಗಲಾಟೆ ಮಾಡದೆ ಸುಮ್ಮನಿರುವುದು" ಎಂಬ ನಮ್ಮ ಶಾಲೆಗಳ ಪರಮ ಗುರಿಯೇ ಪರೀಕ್ಷೆಯಲ್ಲಿ ಫೇಲಾಗುತ್ತದೆ. ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬ್ರಯಾನ್ ಇವಾಟ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದಂತೆ, ಹೊರನೋಟಕ್ಕೆ ಒಂದೇ ಆಗಿರುವ ವರ್ತನೆ ಒಬ್ಬ ಮಗುವಿಗೆ ಗಮನ ತಂದುಕೊಟ್ಟರೆ, ಇನ್ನೊಬ್ಬನಿಗೆ ಕೆಲಸದಿಂದ ಬಿಡುಗಡೆ ತಂದುಕೊಡಬಹುದು. ಅದೇ ಆ ವರ್ತನೆಯ ಪ್ರಯೋಜನ. ನಮ್ಮ ಪುಸ್ತಕದ ಮೂರನೇ ಕಾಲಂನಲ್ಲಿ ಬಹುತೇಕ ಪ್ರತಿ ಸಾಲಿನಲ್ಲೂ ಒಂದೇ ಮಾತಿತ್ತು: ಸ್ಲೇಟು ತೆಗೆದೆವು.

ಹಾಗಾದರೆ ಕಿರುಚಿದರೂ ಸ್ಲೇಟು ತೆಗೆಯದಿದ್ದರಾಯಿತಲ್ಲ ಎನ್ನಬಹುದು. ಪುನರ್ಬಲನವನ್ನು ನಿಲ್ಲಿಸಿ ವರ್ತನೆಯನ್ನು ನಂದಿಸುವ ಈ ಕ್ರಮವನ್ನು ವಿಲೋಪನ ಎನ್ನುತ್ತಾರೆ. ಆದರೆ ನಂದುವ ಮುನ್ನ ಅದು ಒಮ್ಮೆ ಭುಗಿಲೇಳುವುದುಂಟು, ಆ ಹೊತ್ತಿನಲ್ಲಿ ಮನೆಯವರು ಸೋತರೆ ಮಗು ಇನ್ನೂ ಜೋರಾಗಿ ಕಿರುಚಲು ಕಲಿಯುತ್ತದೆ. ಒಮ್ಮೊಮ್ಮೆ ಮಾತ್ರ ಸಿಗುವ ಪುನರ್ಬಲನ ವರ್ತನೆಯನ್ನು ಎಷ್ಟು ಗಟ್ಟಿಮಾಡುತ್ತದೆಂಬುದಕ್ಕೆ ಚಾರ್ಮಾಡಿ ಘಾಟಿಯ ಕೋತಿಗಳೇ ಸಾಕ್ಷಿ: ಹತ್ತು ಕಾರುಗಳಲ್ಲಿ ಒಂದರಿಂದ ಬಿಸ್ಕತ್ತು ಬಿದ್ದರೂ ಅವು ಹನ್ನೊಂದನೆಯದಕ್ಕೆ ಕಾಯುತ್ತವೆ. ಇಂಥ ಆಂತರಾಯಿಕ ಪುನರ್ಬಲನವನ್ನೇ ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳ ಮೇಲೆ ವಿವರವಾಗಿ ಅಭ್ಯಸಿಸಿ 1957ರಲ್ಲಿ ಪ್ರಕಟಿಸಿದರು. ಅಲ್ಲದೆ, ಮಾತು ಬಾರದ ಮಗುವಿಗೆ "ಸಾಕು" ಎನ್ನಲು ಇದ್ದ ಒಂದೇ ದಾರಿಯನ್ನು ಮುಚ್ಚಿಬಿಡುವುದು ನನಗೆ ಸರಿಕಾಣಲಿಲ್ಲ. ಆಟಿಸಂ ಇರುವ ಮಕ್ಕಳಿಗೆ ವರ್ತನೆ ತಿದ್ದುವ ಈ ವಿದ್ಯೆಯ ಹೆಸರಿನಲ್ಲಿ ಹಿಂದೆ ಏಟನ್ನೂ ವಿದ್ಯುತ್ ಶಾಕನ್ನೂ ಕೊಟ್ಟದ್ದುಂಟು. ಆ ಚರಿತ್ರೆಯನ್ನು ಬಲ್ಲವರು ಇದನ್ನು ಅನುಮಾನದಿಂದ ನೋಡಿದರೆ ನಾನು ತಕರಾರು ಮಾಡುವುದಿಲ್ಲ.

ಕಾರ್ ಮತ್ತು ಡ್ಯುರಾಂಡ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ತೋರಿಸಿದ ದಾರಿ ಬೇರೆ: ಅದೇ ಬಿಡುಗಡೆಯನ್ನು ಕೇಳಿ ಪಡೆಯಲು ಕಲಿಸುವುದು. ಮದುವೆ ಕರೆಯೋಲೆಯ ದಪ್ಪ ಕಾಗದದಲ್ಲಿ ಅಂಗೈ ಚಿತ್ರದ ಒಂದು ಚೀಟಿ ಕತ್ತರಿಸಿದೆವು. ಸ್ಲೇಟಿಟ್ಟ ಕೂಡಲೇ, ಕಿರುಚುವ ಮೊದಲೇ, ತಂಗಿ ಅವನ ಕೈಹಿಡಿದು ಚೀಟಿಯನ್ನು ಅವ್ವನಿಗೆ ಕೊಡಿಸುತ್ತಿದ್ದಳು. ಅವ್ವ ಆ ಕ್ಷಣವೇ ಸ್ಲೇಟು ತೆಗೆಯುತ್ತಿದ್ದರು. ಹಿಡಿದ ಕೈಯನ್ನು ಮೆಲ್ಲಗೆ ಮೊಣಕೈಗೆ, ಆಮೇಲೆ ಭುಜಕ್ಕೆ ಸರಿಸಿ, ಕೊನೆಗೆ ಬಿಟ್ಟೇಬಿಟ್ಟಳು. ಮೊದಲ ವಾರ ಅಕ್ಷರವೇ ಬರೆಯದೆ ಬರೀ ಚೀಟಿ ಕೊಟ್ಟ. ನಂತರ ಒಂದು ಅಕ್ಷರ ತಿದ್ದಿದ ಮೇಲೆ ಚೀಟಿ, ಆಮೇಲೆ ಎರಡು; ಈಗ ಐದಕ್ಕೆ ಬಂದಿದ್ದೇವೆ.

ಮೊನ್ನೆ ರಾತ್ರಿ ಊಟದಲ್ಲಿ ಅವ್ವ ಎರಡನೇ ಮುದ್ದೆ ಹಾಕಲು ಬಗ್ಗಿದಾಗ ಹುಡುಗ ಎದ್ದುಹೋಗಿ ಗೂಡಿನಿಂದ ಚೀಟಿ ತಂದು ಅವರ ಕೈಗಿಟ್ಟ. ನಾವು ಕಲಿಸಿದ್ದು ಸ್ಲೇಟಿನ ಮುಂದೆ ಮಾತ್ರ.