‘ಆಂಗ್ರಿ ಆನ್ ಹಿಮ್’: 45 ನಿಮಿಷದ ಒಂದು ತರಗತಿ

ಬೋರ್ಡಿಗೆ ಮೊದಲು ಬಂದ ವಾಕ್ಯ ‘ಐ ಆಮ್ ಆಂಗ್ರಿ ಆನ್ ಹಿಮ್’. ಭಾವನೆ ಹೇಳುವ ಇಂಗ್ಲಿಷ್ ಪದಗಳ ಮುಂದೆ ಯಾವ ಪ್ರೆಪೊಸಿಷನ್ (ಆನ್, ವಿತ್, ಆಫ್‌ನಂಥ ಪುಟ್ಟ ಪದ) ಹಾಕಬೇಕು ಎಂಬುದಕ್ಕೆ ಇಟ್ಟುಕೊಂಡಿದ್ದು 45 ನಿಮಿಷ. ಅದರಲ್ಲಿ 20 ನಿಮಿಷವನ್ನು ಈ ಒಂದು ‘ಆನ್’ ನುಂಗಿತು.

ಅದರ ಮೂಲ ಹುಡುಕಲು ದೂರ ಹೋಗಬೇಕಿಲ್ಲ. ನಮಗೆ ಕೋಪ ಬರುವುದು ಒಬ್ಬರ ಮೇಲೆ. ಹೊಟ್ಟೆಕಿಚ್ಚೂ ಮೇಲೆಯೇ, ಬೇಸರವೂ ಮೇಲೆಯೇ. ಆ ‘ಮೇಲೆ’ಯನ್ನು ಹಾಗೇ ಎತ್ತಿಕೊಂಡು ಹೋದರೆ ‘ಆಂಗ್ರಿ ಆನ್’, ‘ಜೆಲಸ್ ಆನ್’ ಸಿಗುತ್ತವೆ. ಇಂಗ್ಲಿಷಿನವರಿಗೆ ಎರಡೂ ತಪ್ಪು. ಕೋಪಕ್ಕೆ ಅವರು ಮೂರು ದಾರಿ ಮಾಡಿಕೊಂಡಿದ್ದಾರೆ: ಯಾರ ಮೇಲೆ, ಯಾವ ವಿಷಯಕ್ಕೆ, ಏನು ಮಾಡಿದ್ದಕ್ಕೆ. ತಮ್ಮನ ಮೇಲಾದರೆ ‘ಆಂಗ್ರಿ ವಿತ್ ಮೈ ಬ್ರದರ್’. ಕರೆಂಟ್ ಬಿಲ್ಲಿನ ವಿಷಯಕ್ಕಾದರೆ ‘ಆಂಗ್ರಿ ಅಬೌಟ್ ದ ಬಿಲ್’. ತಡವಾಗಿ ಬಂದದ್ದಕ್ಕಾದರೆ ‘ಆಂಗ್ರಿ ವಿತ್ ಹಿಮ್ ಫಾರ್ ಕಮಿಂಗ್ ಲೇಟ್’. ವ್ಯಕ್ತಿಗೆ ‘ಅಟ್’ ಬಳಸುವುದೂ ಸರಿಯೇ, ಅಮೆರಿಕದಲ್ಲಿ ಅದು ಹೆಚ್ಚು. ‘ಆನ್’ ಮಾತ್ರ ಬ್ರಿಟನ್, ಅಮೆರಿಕ ಎರಡೂ ಕಡೆ ಇಲ್ಲ. ಕಿರಿಕಿರಿಯ ‘ಅನಾಯ್ಡ್’ ಕೂಡ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯುತ್ತದೆ.

ಮುಂದಿನ ವಾಕ್ಯ ‘ಐ ಆಮ್ ಅಫ್ರೇಡ್ ಫಾರ್ ಡಾಗ್ಸ್’. ಇದರ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ವ್ಯಾಕರಣ ಸರಿಯಿದ್ದು ಅರ್ಥ ಮಾತ್ರ ತಿರುಗಿಬಿದ್ದಿದೆ: ನಾಯಿಗಳಿಗೆ ಏನಾಗಿಬಿಡುತ್ತದೋ ಎಂಬ ಆತಂಕ ನನಗಿದೆ! ‘ನಾಯಿಗೆ ಹೆದರುತ್ತೇನೆ’ ಎನ್ನುವಾಗಿನ ‘ಗೆ’ ಇಲ್ಲಿ ‘ಫಾರ್’ ಆಗಿ ನುಸುಳಿದೆ. ಬೇಕಿದ್ದದ್ದು ‘ಅಫ್ರೇಡ್ ಆಫ್’. ಪ್ರೌಡ್, ಅಶೇಮ್ಡ್, ಜೆಲಸ್, ಫಾಂಡ್, ಸ್ಕೇರ್ಡ್ ಇವೂ ‘ಆಫ್’ ಮನೆತನದವೇ. ಇವನ್ನು ಬಿಡಿಬಿಡಿಯಾಗಿ ಕಲಿಯಬೇಡಿ. ‘ಪ್ರೌಡಾಫ್’ ಎಂದು ಒಂದೇ ಉಸಿರಿಗೆ ಹೇಳಿ ರೂಢಿಸಿಕೊಂಡರೆ ‘ಪ್ರೌಡ್ ಅಬೌಟ್’ ಬಾಯಿಗೆ ಬರುವುದು ತಪ್ಪುತ್ತದೆ.

ಕೆಲವಕ್ಕೆ ನಮ್ಮ ವಿಭಕ್ತಿಯೇ ನೆರವಾಗುತ್ತದೆ. ಸಂಗೀತದಲ್ಲಿ ಆಸಕ್ತಿ, ‘ಇಂಟರೆಸ್ಟೆಡ್ ಇನ್’. ಮಗಳ ಬಗ್ಗೆ ಚಿಂತೆ, ‘ವರೀಡ್ ಅಬೌಟ್’. ಇವುಗಳಲ್ಲಿ ಎಡವುವವರು ಕಡಿಮೆ.

ಎಡವುವುದು ‘ಹ್ಯಾಪಿ’ಯಲ್ಲಿ. ಸಂಬಳ ಸಾಕೆನಿಸಿದರೆ ‘ಹ್ಯಾಪಿ ವಿತ್ ಮೈ ಸ್ಯಾಲರಿ’. ಫಲಿತಾಂಶದಿಂದ ಖುಷಿಯಾದರೆ ‘ಹ್ಯಾಪಿ ಅಬೌಟ್ ದ ರಿಸಲ್ಟ್’. ‘ಹ್ಯಾಪಿ ಫಾರ್’ ಎಂದರೆ ಮುಂದೆ ಸಾಮಾನ್ಯವಾಗಿ ಮನುಷ್ಯರೇ ಬರುತ್ತಾರೆ: ಗೆಳತಿಗೆ ಕೆಲಸ ಸಿಕ್ಕಿತೆಂದು ‘ಐ ಆಮ್ ಹ್ಯಾಪಿ ಫಾರ್ ಹರ್’. ‘ಸಾರಿ ಫಾರ್ ಹಿಮ್’ ಎಂದರೆ ಅವನ ಬಗ್ಗೆ ಕನಿಕರ. ಅವನಲ್ಲಿ ಕ್ಷಮೆ ಕೇಳುತ್ತಿದ್ದೇನೆ ಎಂದುಕೊಂಡು ಇದನ್ನು ಬರೆದರೆ ಓದಿದವನಿಗೆ ಮುಜುಗರ. ಆದ ಗದ್ದಲಕ್ಕೆ ‘ಸಾರಿ ಅಬೌಟ್ ದ ನಾಯ್ಸ್’.

‘ಟೈರ್ಡ್ ಫ್ರಮ್ ವಾಕಿಂಗ್’ ಎಂದರೆ ಕಾಲು ಸೋತಿವೆ. ‘ಟೈರ್ಡ್ ಆಫ್ ವಾಕಿಂಗ್’ ಎಂದರೆ ನಡೆದೂ ನಡೆದೂ ಸಾಕಾಗಿದೆ. ಬೇಸರ ಬಂದಿದೆ ಎನ್ನುವ ‘ಬೋರ್ಡ್ ಆಫ್’ ಈಗ ಕಿವಿಗೆ ಬಹಳ ಬೀಳುತ್ತದೆ, ಆಡಿದರೆ ಯಾರೂ ತಡೆಯುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ‘ಬೋರ್ಡ್ ವಿತ್’ ಕ್ಷೇಮ. ‘ಎಕ್ಸೈಟೆಡ್ ಫಾರ್ ದ ಟ್ರಿಪ್’ ಕಥೆಯೂ ಅದೇ. ಬರವಣಿಗೆಯಲ್ಲಿ ‘ಅಬೌಟ್’ ಇರಲಿ.

ಕೊನೆಗೆ ಪ್ರಶ್ನೆವಾಕ್ಯ ಮಾಡಿಸಿದಾಗ ಅಷ್ಟು ಹೊತ್ತು ಸರಿಯಾಗಿ ಬರೆದವರೂ ‘ವಾಟ್ ಆರ್ ಯು ಅಫ್ರೇಡ್?’ ಎಂದು ನಿಲ್ಲಿಸಿಬಿಟ್ಟರು. ಪ್ರೆಪೊಸಿಷನ್ ಅಲ್ಲೂ ಬೇಕು, ವಾಕ್ಯದ ಬಾಲದಲ್ಲಿ: ‘ವಾಟ್ ಆರ್ ಯು ಅಫ್ರೇಡ್ ಆಫ್?’ ಅದು ಬಿದ್ದುಹೋಗುವುದು ‘ದಟ್’ ಬಂದಾಗ. ‘ಹ್ಯಾಪಿ ಅಬೌಟ್ ದಟ್ ಯು ಕೇಮ್’ ತಪ್ಪು, ‘ಹ್ಯಾಪಿ ದಟ್ ಯು ಕೇಮ್’ ಸರಿ. ಸರಿಯಾದ ಪ್ರೆಪೊಸಿಷನ್ ನೆನಪಾಗದೆ ಪೆನ್ನು ನಿಂತಾಗ ಈ ಕಳ್ಳದಾರಿ ಉಪಯೋಗಕ್ಕೆ ಬರುತ್ತದೆ. ಬೋರ್ಡಿನ ಮೊದಲ ವಾಕ್ಯವನ್ನು ‘ಐ ಆಮ್ ಆಂಗ್ರಿ ದಟ್ ಹೀ ಕೇಮ್ ಲೇಟ್’ ಎಂದು ತಿರುಗಿಸಿದರೆ, ಆನ್, ವಿತ್, ಅಟ್ ಯಾವುದರ ಗೊಡವೆಯೂ ಇಲ್ಲ.