ಒಣ ತುಳಸಿ, ಅಜವಾನ ಮತ್ತು ಹಬೆ ಯಂತ್ರ: ಸೊಪ್ಪು ನೀರಿಗಲ್ಲ, ಹಬೆಯ ದಾರಿಗೆ

ವಿಜಯಪುರದ ಔಷಧ ಅಂಗಡಿಯಲ್ಲಿ ‘ವೇಪೊರೈಸರ್ ಕೊಡ್ರಿ’ ಅಂದರೆ ಕೈಗೆ ಬರುವುದು ನೆಗಡಿಗೆ ಹಬೆ ತಗೊಳ್ಳುವ ಪ್ಲಾಸ್ಟಿಕ್ ಯಂತ್ರ. ಮೊಬೈಲಿನಲ್ಲಿ ಅದೇ ಹೆಸರು ಹುಡುಕಿದರೆ ಕಾಣುವುದು ಬೇರೆಯದೇ: ಜೇಬಿನಲ್ಲಿ ಹಿಡಿಯುವ, ಬ್ಯಾಟರಿಯಿಂದ ಒಣ ಸೊಪ್ಪನ್ನು ಸುಮಾರು 160ರಿಂದ 220 ಡಿಗ್ರಿವರೆಗೆ ಕಾಯಿಸಿ, ಸುಡದೆ ಆವಿ ಎಳೆದುಕೊಳ್ಳುವ ಸಾಧನ. ಅದನ್ನು ತರಿಸಿ ತುಳಸಿ ಹಾಕಿಕೊಳ್ಳಬಹುದಲ್ಲ ಅನ್ನುವವರಿಗೆ ಮೊದಲೇ ಹೇಳಬೇಕು. 2019ರ ಎಲೆಕ್ಟ್ರಾನಿಕ್ ಸಿಗರೇಟ್ ನಿಷೇಧ ಕಾಯ್ದೆಯ ವ್ಯಾಖ್ಯೆ ಬಹಳ ಅಗಲವಾಗಿದೆ. ನಿಕೋಟಿನ್ ಇರಲಿ, ಬಿಡಲಿ, ಪದಾರ್ಥವನ್ನು ಕಾಯಿಸಿ ಆವಿ ಸೇದಿಸುವ ಎಲೆಕ್ಟ್ರಾನಿಕ್ ಸಾಧನಗಳ ತಯಾರಿಕೆ, ಆಮದು, ಮಾರಾಟ ಎಲ್ಲವೂ ನಿಷಿದ್ಧ. ಔಷಧ ಕಾಯ್ದೆಯಡಿ ಪರವಾನಗಿ ಪಡೆದವು ಮಾತ್ರ ಹೊರತು.

ಅದರ ಅಗತ್ಯವೂ ಇಲ್ಲ. ಸೊಪ್ಪಿನ ಘಾಟು ಬರುವುದು ಅದರ ಎಣ್ಣೆಯ ಅಂಶದಿಂದ. ನೀಲಗಿರಿ ಎಲೆಯಲ್ಲಿ ಅದು ಸಿನಿಯೋಲ್, ಕುದಿಯುವುದು ಸುಮಾರು 176 ಡಿಗ್ರಿಗೆ; ಅಜವಾನದಲ್ಲಿ ಥೈಮಾಲ್, 232 ಡಿಗ್ರಿಗೆ. ಹಾಗಿದ್ದರೂ ಕುದಿನೀರಿನ ಹಬೆ ಸೋಕಿದರೆ ಸಾಕು, ಎರಡೂ 100 ಡಿಗ್ರಿಯೊಳಗೇ ಹಬೆಯ ಜೊತೆ ಹೊರಡುತ್ತವೆ. ನೀಲಗಿರಿ ಎಣ್ಣೆ ಇಳಿಸುವ ಭಟ್ಟಿಗಳು ನಡೆಯುವುದೂ ಇದೇ ನಿಯಮದ ಮೇಲೆ. ಸೊಪ್ಪನ್ನು ಕುದಿಸಬೇಕಿಲ್ಲ, ಹುರಿಯಬೇಕಿಲ್ಲ. ಹಬೆ ಅದರ ನಡುವೆ ಹಾಯ್ದು ಬಂದರಾಯಿತು.

ಬಹಳ ಮನೆಗಳಲ್ಲಿ ತಪ್ಪಾಗುವುದು ಇಲ್ಲೇ: ಹಿಡಿ ತುಳಸಿ ತಂದು ಯಂತ್ರದ ನೀರಿಗೇ ಹಾಕುತ್ತಾರೆ.

ಅಗ್ಗದ ಯಂತ್ರಗಳಲ್ಲಿ ಹೆಚ್ಚಿನವುಗಳಲ್ಲಿ ನೀರು ಕಾಯಿಸುವ ಕಾಯಿಲ್ ಇರುವುದೇ ಇಲ್ಲ. ಒಳಗೆ ಎರಡು ಪಟ್ಟಿಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಕರೆಂಟ್ ನೀರಿನ ಮೂಲಕವೇ ಹರಿಯುತ್ತದೆ, ಹಾಗೆ ಹರಿಯುವಾಗ ನೀರು ಕಾದು ಹಬೆಯಾಗುತ್ತದೆ. ಅಂದರೆ ಪ್ಲಗ್ ಹಾಕಿರುವಷ್ಟು ಹೊತ್ತು ಆ ನೀರಿನಲ್ಲಿ ಕರೆಂಟ್ ಇದೆ. ಮುಚ್ಚಳ ತೆಗೆಯುವ ಮೊದಲು, ನೀರು ಹೊಯ್ಯುವ ಮೊದಲು, ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಇಂಥ ನೀರಿಗೆ ಸೊಪ್ಪು ಬಿದ್ದರೆ ನೊರೆ ಏಳುತ್ತದೆ, ಎಲೆ ಪಟ್ಟಿಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಬಾಯಿಯಿಂದ ಹಬೆಯ ಬದಲು ಕುದಿನೀರು ಸಿಡಿಯುತ್ತದೆ. ಎಣ್ಣೆ ಹಾಕಿದರೆ ಇನ್ನೊಂದು ತೊಂದರೆ. ನೀಲಗಿರಿ ಎಣ್ಣೆ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಬಿಸಿ ತಟ್ಟೆ ಇರುವ ಯಂತ್ರದಲ್ಲಿ ನೀರಿಗೆ ಕರೆಂಟ್ ತಾಗದು ನಿಜ, ಆದರೆ ಸೊಪ್ಪು ತಟ್ಟೆಗೆ ಅಂಟಿ ಕರಕಲಾಗುತ್ತದೆ.

ಪಟ್ಟಿಯ ಯಂತ್ರ ಹೇಗೆ ನಡೆಯುತ್ತದೆ ಅನ್ನುವುದನ್ನು ನಿರ್ಧರಿಸುವುದು ನಿಮ್ಮೂರ ನೀರು. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಸರಿಯಾಗಿ ಹರಿಯದು. ಹತ್ತು ನಿಮಿಷವಾದರೂ ಹಬೆ ಬರುವುದಿಲ್ಲ, ಯಂತ್ರ ಕೆಟ್ಟಿದೆ ಅಂತ ವಾಪಸ್ ಒಯ್ಯುತ್ತಾರೆ. ಬೆಳಗಾವಿಗೆ ಬರುವ ರಾಕಸಕೊಪ್ಪ ಜಲಾಶಯದ ನೀರು ಮಳೆ ನೀರೇ ಆದ್ದರಿಂದ ಅದರಲ್ಲೂ ಹಬೆ ನಿಧಾನ. ಇದಕ್ಕೆ ತದ್ವಿರುದ್ಧ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳ ಸವಳು ಬೋರ್ ನೀರು. ಒಂದೆರಡು ನಿಮಿಷಕ್ಕೇ ಕೊತಕೊತ ಕುದಿದು ಉಗುಳುತ್ತದೆ, ಲೈಟು ಮಂದವಾಗುತ್ತದೆ, ಕೆಲವೊಮ್ಮೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬೀಳುತ್ತದೆ. ಪರಿಹಾರ ಬೆರಕೆಯಲ್ಲಿದೆ. ಕ್ಯಾನ್ ನೀರು ಮುಕ್ಕಾಲು, ಬೋರ್ ನೀರು ಕಾಲು ಭಾಗದಿಂದ ಶುರುಮಾಡಿ. ಮೂರರಿಂದ ಐದು ನಿಮಿಷದಲ್ಲಿ ಸಮನಾದ ಹಬೆ ಬಂದರೆ ಅದೇ ನಿಮ್ಮ ಅಳತೆ. ಬೋರ್ ನೀರು ಇಲ್ಲದ ಮನೆಯಲ್ಲಿ ನಾಲ್ಕೈದು ಹರಳು ಉಪ್ಪು ಸಾಕು. ಚಿಟಿಕೆ ತುಂಬ ಹಾಕಿದರೆ ಅದೂ ಸವಳು ನೀರೇ ಆಯಿತು. ಮೇಲಿನ ಗೆರೆ ದಾಟಿ ನೀರು ತುಂಬಬೇಡಿ.

ಈಗ ಸೊಪ್ಪಿನ ಮಾತು. ಅರ್ಧ ಚಮಚ ಅಜವಾನವನ್ನು ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ಗಟ್ಟಿಯಾಗಿ ತಿಕ್ಕಿ. ಕಾಳು ಒಡೆದರಷ್ಟೇ ಎಣ್ಣೆ ಬಿಡುತ್ತದೆ, ಪುಡಿ ಮಾಡಿದರೆ ಅರಿವೆಯಿಂದ ಸೋರುತ್ತದೆ. ಅದಕ್ಕೆ ಒಂದು ಚಮಚ ಒಣ ತುಳಸಿ ಕೈಯಲ್ಲಿ ಮುರಿದು ಸೇರಿಸಿ. ಹಳೆಯ ತೆಳು ಧೋತರದ ಅಂಗೈಯಗಲದ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಿ. ಬಿಗಿ ಕಟ್ಟಿದರೆ ಹಬೆ ಒಳಗೆ ಹೋಗದೆ ಸುತ್ತಿ ಹಾಯುತ್ತದೆ. ಕೆಲವು ಯಂತ್ರಗಳಿಗೆ ಹಬೆಯ ಬಾಯಿಯ ಪಕ್ಕ ಔಷಧಿಯ ಪುಟ್ಟ ಬಟ್ಟಲು ಇರುತ್ತದೆ, ಗಂಟು ಅಲ್ಲಿ ಕೂಡಬೇಕು. ಬಟ್ಟಲಿಲ್ಲದಿದ್ದರೆ ಅಗಲ ಮುಖವಾಡದ ಒಳ ಅಂಚಿಗೆ ದಾರದಿಂದ ಕಟ್ಟಿ, ಹಬೆಯ ಬಾಯಿಗಿಂತ ಮೂರು ಬೆರಳು ಮೇಲಿರಲಿ. ಬಾಯಿಯ ಮೇಲೇ ಕೂತು ಮುಚ್ಚಿದರೆ ಒಳಗೆ ಒತ್ತಡ ಏರಿ ನೀರು ಚಿಮ್ಮುತ್ತದೆ. ಮುಖ ಒಂದು ಗೇಣು ದೂರ, ಕಣ್ಣು ಮುಚ್ಚಿ, ಐದರಿಂದ ಎಂಟು ನಿಮಿಷ. ಗಂಟು ಒಂದೇ ಸಲಕ್ಕೆ. ಮರುದಿನದ ಹೊತ್ತಿಗೆ ಒದ್ದೆ ಸೊಪ್ಪು ಹಳಸಿರುತ್ತದೆ.

ಯಂತ್ರವನ್ನು ಹಾಸಿಗೆಯ ಮೇಲೆ ಇಟ್ಟುಕೊಳ್ಳಬೇಡಿ, ತೊಡೆಯ ಮೇಲಂತೂ ಬೇಡವೇ ಬೇಡ. ಸಣ್ಣ ಮಕ್ಕಳಿಗೆ ಹಬೆ ಕೊಡುವುದನ್ನೇ ಕೈಬಿಡಿ. ಯಂತ್ರವಾಗಲಿ ಬೋಗುಣಿಯಾಗಲಿ, ಉರುಳಿದರೆ ಸುಡುವುದು ಮಗುವಿನ ತೊಡೆ, ಹೊಟ್ಟೆ. ಕರ್ಪೂರ, ನೀಲಗಿರಿ ಎಣ್ಣೆ ಮಕ್ಕಳ ದೇಹಕ್ಕೆ ಹೋದರೆ ಫಿಟ್ಸ್ ಬರುವ ಅಪಾಯವೂ ಇದೆ. ಆಸ್ತಮಾ ಇರುವವರಿಗೆ ಬಿಸಿ ಹಬೆ, ಘಾಟು ಎರಡೂ ಉಬ್ಬಸ ಎಬ್ಬಿಸಬಲ್ಲವು, ಅವರು ವೈದ್ಯರನ್ನು ಕೇಳಿಯೇ ತಗೊಳ್ಳಬೇಕು. ದೊಡ್ಡವರಿಗೂ ಹಬೆಯಿಂದ ಸಿಗುವುದು ಕಟ್ಟಿದ ಮೂಗಿಗೆ ಸ್ವಲ್ಪ ಹೊತ್ತಿನ ಹಗುರ. ನೆಗಡಿಯ ವೈರಸ್ ಇದರಿಂದ ಸಾಯುವುದಿಲ್ಲ.

ಬೋರ್ ನೀರು ಬಳಸಿದರೆ ಪಟ್ಟಿಗಳ ಮೇಲೆ ಬಿಳಿ ಗಾರು ಕಟ್ಟುತ್ತದೆ, ಅದು ಸುಣ್ಣದಂಶ. ಹಬೆ ದಿನೇ ದಿನೇ ಕಡಿಮೆಯಾಗುವುದಕ್ಕೆ ಕಾರಣ ಬಹಳ ಸಲ ಇದೇ. ಇಂಡಿ ಕಡೆಯ ಒಂದು ರಸಭರಿತ ಲಿಂಬೆಹಣ್ಣು ಹಿಂಡಿ, ಒಂದು ಕಪ್ ಬಿಸಿನೀರಿಗೆ ಬೆರೆಸಿ, ಪ್ಲಗ್ ಹಾಕದೆ ಅರ್ಧ ತಾಸು ಬಿಡಿ. ಗುಳ್ಳೆ ಎದ್ದರೆ ಗಾರು ಕರಗುತ್ತಿದೆ ಅಂತ ಅರ್ಥ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಎರಡು ಸಲ ತೊಳೆಯಿರಿ. ಚಾಕು ಹಾಕಿ ಕೆರೆಯಬೇಡಿ. ಪಟ್ಟಿ ಸವೆದು ನೀರಿನಲ್ಲಿ ಕರಿ ಚೂರು ಬರತೊಡಗಿದರೆ ಆ ಯಂತ್ರದ ಆಯುಷ್ಯ ಮುಗಿಯಿತು.

ಸೊಪ್ಪು ಒಣಗಿಸುವುದು ನೆರಳಲ್ಲೇ. ವಿಜಯಪುರದ ಏಪ್ರಿಲ್ ಬಿಸಿಲಿಗೆ ತುಳಸಿ ಹರವಿದರೆ ಅರ್ಧ ದಿನದಲ್ಲಿ ಒಣಗುತ್ತದೆ, ವಾಸನೆಯೂ ಹಾರಿಹೋಗುತ್ತದೆ. ಪಡಸಾಲೆಯಲ್ಲಿ ಅರಿವೆ ಹಾಸಿ, ದಂಟು ತೆಗೆದ ಎಲೆಯನ್ನು ಒಂದೇ ಪದರಾಗಿ ಹರವಿ ಮೂರ್ನಾಲ್ಕು ದಿನ ಬಿಡಿ. ಬೆರಳಿಗೆ ಪಟಕ್ಕನೆ ಮುರಿಯಬೇಕು. ಬೆಳಗಾವಿಯ ಜುಲೈ ಜಿಟಿಜಿಟಿ ಮಳೆಯಲ್ಲಿ ಇದು ಸಾಧ್ಯವಿಲ್ಲ, ಎಲೆ ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಸೊಪ್ಪಿನ ಹಬೆ ಎಳೆದುಕೊಳ್ಳಲೇಬಾರದು. ಅಲ್ಲಿಯವರು ಮೇ ತಿಂಗಳಲ್ಲೇ ಒಣಗಿಸಿ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಬೆಳಕು ಬೀಳದ ಕಪಾಟಿನಲ್ಲಿ ಇಡುವುದು ಒಳ್ಳೆಯದು.